ಯಂತ್ರ ಕೆಟ್ಟಿಲ್ಲ, ಮಾತು ನಿಂತಿದೆ

ನಮ್ಮ ಕಾಲೇಜಿನ ಭೌತವಿಜ್ಞಾನ ವಿಭಾಗದಲ್ಲಿ ೨೦೦೮ರಲ್ಲಿ ಕೊಂಡ ಲೇಸರ್ ಮುದ್ರಕವೊಂದಿದೆ. ಹದಿನೈದು ವರ್ಷಗಳಿಗೂ ಮಿಕ್ಕು ಅದು ಪ್ರಶ್ನಪತ್ರಿಕೆಗಳನ್ನೂ ಪ್ರಯೋಗಗಳ ಸೂಚನಾಪತ್ರಗಳನ್ನೂ ಹಾಜರಿ ಪಟ್ಟಿಗಳನ್ನೂ ಬೇಸರವಿಲ್ಲದೆ ಅಚ್ಚುಮಾಡಿ ಕೊಟ್ಟಿದೆ. ಕಳೆದ ವರ್ಷ ವಿಭಾಗಕ್ಕೆ ಹೊಸದೊಂದು ಲ್ಯಾಪ್‌ಟಾಪ್ ಬಂದಿತು. ಅದುವರೆಗೆ ಮುದ್ರಕದ ಜೊತೆಗಿದ್ದ ಹಳೆಯ ಗಣಕಯಂತ್ರ ಉಗ್ರಾಣವನ್ನು ಸೇರಿತು. ಹೊಸ ಲ್ಯಾಪ್‌ಟಾಪಿಗೆ ಮುದ್ರಕವನ್ನು ಜೋಡಿಸಹೋದಾಗ ಮೊದಲು ತಂತಿಯ ಮೂತಿಯೇ ಹೊಂದಲಿಲ್ಲ. ಬೇರೆ ತಂತಿ ತಂದು ಹೊಂದಿಸಿದ ಮೇಲೆ ಪರದೆಯಲ್ಲಿ ಮುದ್ರಕದ ಹೆಸರೇನೋ ಮೂಡಿತು. ಕಾಗದ ಮಾತ್ರ ಹೊರಗೆ ಬರಲಿಲ್ಲ. ತಯಾರಕರ ಸೇವಾಕೇಂದ್ರವನ್ನು ವಿಚಾರಿಸಿದುದಕ್ಕೆ, ಆ ಮಾದರಿ ಹಳೆಯದಾಯಿತು, ಹೊಸದನ್ನು ಕೊಳ್ಳುವುದೇ ಲೇಸು ಎಂಬ ಉತ್ತರ ಬಂದಿತು.

ನಮ್ಮ ವಿಭಾಗದ ಅಟೆಂಡರು ದಾಸ್ತಾನು ಪುಸ್ತಕವನ್ನು ನನ್ನ ಮುಂದೆ ತೆರೆದಿಟ್ಟು, "ಸಾರ್, ಕೆಟ್ಟುಹೋಗಿದೆ ಅಂತ ಬರೆದು ರುಜು ಹಾಕಿಬಿಡಿ, ಗುಜರಿಗೆ ಕಳಿಸೋಣ" ಎಂದರು. ಆ ಪುಸ್ತಕದಲ್ಲಿ ಒಂದು ವಸ್ತುವನ್ನು ತೆಗೆದುಹಾಕಬೇಕಾದರೆ ಅದರ ಕಾರಣವನ್ನು ಬರೆಯಲು ಒಂದು ಅಂಕಣವಿದೆ. ಲೇಖನಿಯನ್ನು ಕೈಗೆತ್ತಿಕೊಂಡವನು ಅಲ್ಲಿಗೇ ನಿಂತೆ. ಭೌತವಿಜ್ಞಾನವನ್ನು ಪಾಠ ಹೇಳುವವನು ಪರೀಕ್ಷಿಸದೆ "ಕೆಟ್ಟಿದೆ" ಎಂದು ಬರೆಯಬಹುದೆ? ಬರೆದರೆ, ಕೆಟ್ಟಿರುವುದು ಯಾವುದು? ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನಾನು ತಿಳಿದುಕೊಂಡುದನ್ನೂ, ಅದರಿಂದ ನನ್ನಲ್ಲಿ ಬಲಿತ ಒಂದು ಅಭಿಪ್ರಾಯವನ್ನೂ ವಿದ್ಯಾರ್ಥಿ ಮಿತ್ರರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಒಂದು ಯಂತ್ರ ಇನ್ನೊಂದು ಯಂತ್ರದೊಡನೆ ಸೇರಿ ಕೆಲಸಮಾಡಬೇಕಾದರೆ ಮೂರು ಸಂಗತಿಗಳು ಸರಿಯಾಗಿರಬೇಕು. ಮೊದಲನೆಯದು ಯಂತ್ರದ ದೇಹ. ಎರಡನೆಯದು ಎರಡು ಯಂತ್ರಗಳನ್ನು ಕೂಡಿಸುವ ತಂತಿ. ಮೂರನೆಯದು ಆ ತಂತಿಯ ಮೇಲೆ ನಡೆಯುವ ಮಾತು. ಈ ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸದೆ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ದೇಹದಿಂದಲೇ ಪ್ರಾರಂಭಿಸೋಣ. ಲೇಸರ್ ಮುದ್ರಕದ ಹೃದಯದಲ್ಲಿರುವ ತತ್ತ್ವ ಹೈಸ್ಕೂಲಿನ ಮೊದಲ ಪಾಠಗಳಲ್ಲಿಯೇ ಬರುವ ಸ್ಥಿರ ವಿದ್ಯುತ್ತು. ೧೯೩೮ನೆಯ ಅಕ್ಟೋಬರ್ ೨೨ರಂದು ನ್ಯೂಯಾರ್ಕ್ ನಗರದ ಅಸ್ಟೋರಿಯಾ ಎಂಬ ಬಡಾವಣೆಯ ಒಂದು ಬಾಡಿಗೆ ಕೊಠಡಿಯಲ್ಲಿ ಚೆಸ್ಟರ್ ಕಾರ್ಲ್‌ಸನ್ ಎಂಬಾತನು ತನ್ನ ಸಹಾಯಕ ಆಟೋ ಕಾರ್ನೈನೊಡನೆ ಒಂದು ಪ್ರಯೋಗವನ್ನು ನಡೆಸಿದನು. ಗಂಧಕವನ್ನು ಲೇಪಿಸಿದ ಸತುವಿನ ಫಲಕವನ್ನು ಬಟ್ಟೆಯಿಂದ ಉಜ್ಜಿ ವಿದ್ಯುದಾವೇಶವನ್ನು ಕೊಟ್ಟು, ಅಕ್ಷರ ಬರೆದ ಗಾಜಿನ ಪಟ್ಟಿಯ ಮೂಲಕ ಅದರ ಮೇಲೆ ದೀಪದ ಬೆಳಕನ್ನು ಬೀಳಿಸಿದರು. ಬೆಳಕು ಬಿದ್ದೆಡೆಯಲ್ಲಿ ಆವೇಶ ಹರಿದುಹೋಯಿತು. ಅಕ್ಷರದ ನೆರಳಿದ್ದೆಡೆಯಲ್ಲಿ ಉಳಿಯಿತು. ಮೇಲೆ ಲೈಕೊಪೋಡಿಯಂ ಪುಡಿಯನ್ನು ಉದುರಿಸಿ ಊದಿದಾಗ ಅಕ್ಷರಗಳು ಪುಡಿಯಲ್ಲಿ ಮೂಡಿ ನಿಂತವು. ಬಿ.ಎಸ್‌ಸಿ. ವಿದ್ಯಾರ್ಥಿಗಳು ಬೆಳಕಿನ ವಿವರ್ತನೆಯಿಂದ ಕಣಗಳ ಗಾತ್ರವನ್ನು ಅಳೆಯುವ ಪ್ರಯೋಗದಲ್ಲಿ ಬಳಸುವ ಪುಡಿಯೂ ಇದೇ. ಈ ಒಣ ಬರಹದ ವಿಧಾನವೇ ಮುಂದೆ ೧೯೫೯ರಲ್ಲಿ ಜೆರಾಕ್ಸ್ ೯೧೪ ಎಂಬ ಪ್ರತಿ ತೆಗೆಯುವ ಯಂತ್ರವಾಯಿತು. ಅದೇ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ದೃಗ್ವಿಜ್ಞಾನಿ, ದೀಪಕ್ಕೆ ಬದಲಾಗಿ ಲೇಸರ್ ಕಿರಣದಿಂದಲೇ ಅಕ್ಷರಗಳನ್ನು ಉರುಳೆಯ ಮೇಲೆ ಬರೆಯಿಸಬಹುದೆಂದು ಯೋಚಿಸಿ, ಅದನ್ನು ಕಾರ್ಯರೂಪಕ್ಕೆ ತಂದನು. ೧೯೭೭ರಲ್ಲಿ ಜೆರಾಕ್ಸ್ ೯೭೦೦ ಎಂಬ ದೊಡ್ಡ ಲೇಸರ್ ಮುದ್ರಕವೂ, ೧೯೮೪ರಲ್ಲಿ ಮೇಜಿನ ಮೇಲೆ ಕೂರುವ ಹ್ಯೂಲೆಟ್-ಪ್ಯಾಕರ್ಡ್ ಲೇಸರ್‌ಜೆಟ್ಟೂ ಮಾರುಕಟ್ಟೆಗೆ ಬಂದವು.

ಇಂದಿನ ಮುದ್ರಕದಲ್ಲಿ ನಡೆಯುವುದೂ ಹೆಚ್ಚುಕಡಮೆ ಇದೇ. ಬೆಳಕು ಬಿದ್ದರೆ ಮಾತ್ರ ವಿದ್ಯುತ್ತನ್ನು ಹರಿಯಗೊಡುವ ಲೇಪವುಳ್ಳ ಒಂದು ಉರುಳೆ ಇದೆ. ಅದರ ಮೇಲ್ಮೈಗೆ ಸಾಮಾನ್ಯವಾಗಿ ಕೆಲವು ನೂರು ವೋಲ್ಟುಗಳ ಋಣ ವಿಭವವನ್ನು ಕೊಡುತ್ತಾರೆ. ವೇಗವಾಗಿ ತಿರುಗುವ ಬಹುಮುಖ ಕನ್ನಡಿಯೊಂದು ಲೇಸರ್ ಕಿರಣವನ್ನು ಉರುಳೆಯ ಅಡ್ಡಗಲಕ್ಕೂ ಗೆರೆಗೆರೆಯಾಗಿ ಓಡಿಸುತ್ತದೆ. ಕಿರಣ ತಾಗಿದ ಬಿಂದುಗಳಲ್ಲಿ ಆವೇಶ ಕಡಮೆಯಾಗುತ್ತದೆ. ಟೋನರ್ ಎಂಬ ನುಣುಪಾದ ಪುಡಿ ಅಲ್ಲಿ ಅಂಟಿಕೊಳ್ಳುತ್ತದೆ. ಕಾಗದದ ಹಿಂದಿನಿಂದ ಧನ ವಿಭವವನ್ನು ಕೊಟ್ಟು ಪುಡಿಯನ್ನು ಕಾಗದಕ್ಕೆ ಸೆಳೆದು, ಸುಮಾರು ೨೦೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ರೋಲರಿನಡಿಯಲ್ಲಿ ಹಾಯಿಸಿದರೆ ಅದು ಕರಗಿ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಈ ಭೌತವಿಜ್ಞಾನಕ್ಕೆ ಮುಪ್ಪಿಲ್ಲ. ೨೦೦೮ರಲ್ಲಿ ಆವೇಶ ಹೇಗೆ ಹರಿಯುತ್ತಿತ್ತೋ ಇಂದೂ ಹಾಗೆಯೇ ಹರಿಯುತ್ತದೆ. ಸವೆಯುವುದು ಉರುಳೆ, ರೋಲರು ಮೊದಲಾದ ಕೆಲವು ಭಾಗಗಳು. ಅವನ್ನು ಬದಲಾಯಿಸಲು ಬರುತ್ತದೆ.

ಹಾಗಾದರೆ ನಮ್ಮ ಮುದ್ರಕದ ದೇಹ ಸರಿಯಾಗಿದೆಯೆ? ಅದನ್ನು ತಿಳಿಯುವ ಉಪಾಯ ಸುಲಭವಾದುದು. ತಂತಿಯನ್ನೆಲ್ಲ ಕಳಚಿ, ವಿದ್ಯುತ್ತನ್ನು ಮಾತ್ರ ಕೊಟ್ಟು, ಮುದ್ರಕದ ಮೇಲಿನ ಗುಂಡಿಯನ್ನು ಕೆಲವು ಸೆಕೆಂಡುಗಳವರೆಗೆ ಒತ್ತಿ ಹಿಡಿದೆ. ಬಹುಪಾಲು ಲೇಸರ್ ಮುದ್ರಕಗಳಲ್ಲಿ ಹೀಗೆ ಯಾವ ಗಣಕದ ಸಹಾಯವೂ ಇಲ್ಲದೆ ತಾನೇ ತನ್ನ ಪರೀಕ್ಷಾಪುಟವನ್ನು ಅಚ್ಚುಮಾಡುವ ಏರ್ಪಾಟಿರುತ್ತದೆ. ಯಂತ್ರ ಒಮ್ಮೆ ಗುರುಗುಟ್ಟಿತು. ಸ್ವಲ್ಪ ಹೊತ್ತಿನಲ್ಲಿಯೇ ಬಿಸಿಯಾದ, ನಿಚ್ಚಳವಾದ ಪುಟವೊಂದು ಹೊರಕ್ಕೆ ಬಂದಿತು. ದೇಹ ಆರೋಗ್ಯವಾಗಿತ್ತು. ಅಟೆಂಡರು ಆ ಪುಟವನ್ನು ಬೆಳಕಿಗೆ ಹಿಡಿದು ನೋಡಿ, "ಮತ್ತೆ ಕೆಟ್ಟಿರೋದು ಏನು ಸಾರ್?" ಎಂದು ಕೇಳಿದರು. ವಿಜ್ಞಾನದ ಪ್ರಶ್ನೆ ಎಂದರೆ ಇದೇ.

ಇನ್ನು ತಂತಿಯ ವಿಚಾರ. ಹಿಂದಿನ ಮುದ್ರಕಗಳು ೧೯೭೦ರ ದಶಕದಲ್ಲಿ ಸೆಂಟ್ರಾನಿಕ್ಸ್ ಎಂಬ ಕಂಪನಿಯಿಂದ ಬಳಕೆಗೆ ಬಂದ ಸಮಾಂತರ ಜೋಡಣೆಯನ್ನು ಉಪಯೋಗಿಸುತ್ತಿದ್ದವು. ಒಂದು ಬೈಟಿನ ಎಂಟು ಬಿಟ್ಟುಗಳು ಎಂಟು ತಂತಿಗಳಲ್ಲಿ ಒಟ್ಟಿಗೆ ಸಾಗುತ್ತಿದ್ದವು. ೧೯೯೬ರಲ್ಲಿ ಯು.ಎಸ್.ಬಿ. ಎಂಬ ಸಾರ್ವತ್ರಿಕ ಜೋಡಣೆಯ ಮೊದಲ ನಿಯಮಾವಳಿ ಪ್ರಕಟವಾಯಿತು. ಅದರಲ್ಲಿ ಇದ್ದುವು ನಾಲ್ಕೇ ತಂತಿಗಳು: ವಿದ್ಯುತ್ತಿಗೆ ಎರಡು, ಮಾಹಿತಿಗೆ ಎರಡು. ನಮ್ಮ ಮುದ್ರಕದ ಬೆನ್ನಿನಲ್ಲಿರುವ ಚೌಕಾಕಾರದ ಕುಳಿ ಈ ಜೋಡಣೆಗೆ ಸೇರಿದುದು. ಹೊಸ ಲ್ಯಾಪ್‌ಟಾಪಿನಲ್ಲಿರುವುದು ೨೦೧೪ರಲ್ಲಿ ಪ್ರಕಟವಾದ, ಮೇಲುಕೆಳಗೆಂಬ ಭೇದವಿಲ್ಲದೆ ಚುಚ್ಚಬಹುದಾದ ಸಿ ಮಾದರಿಯ ಕುಳಿ. ಅದರಲ್ಲಿ ೨೪ ಸಂಪರ್ಕಬಿಂದುಗಳಿವೆ. ನೋಡಲು ಎರಡಕ್ಕೂ ಸಂಬಂಧವೇ ಇಲ್ಲವೆನ್ನಿಸುತ್ತದೆ. ಆದರೆ ಆ ೨೪ರ ನಡುವೆ ಹಳೆಯ ಎರಡು ಮಾಹಿತಿ ತಂತಿಗಳ ಜಾಗವನ್ನು ನಿಯಮ ಬರೆದವರು ಜೋಪಾನವಾಗಿ ಉಳಿಸಿದ್ದಾರೆ. ಆದುದರಿಂದ ಒಂದು ಕೊನೆಯಲ್ಲಿ ಸಿ ಮೂತಿಯೂ ಇನ್ನೊಂದು ಕೊನೆಯಲ್ಲಿ ಚೌಕ ಮೂತಿಯೂ ಉಳ್ಳ ತಂತಿಯೊಂದಿದ್ದರೆ ಸಾಕು. ಅದರ ಸಿ ಮೂತಿಯೊಳಗೆ ೫.೧ ಕಿಲೋ ಓಮಿನ ಒಂದು ಪುಟ್ಟ ರೋಧಕವಿರುತ್ತದೆ. ಆ ರೋಧವನ್ನು ಕಂಡೇ ಲ್ಯಾಪ್‌ಟಾಪು, ಆಚೆಯ ಕೊನೆಯಲ್ಲಿ ಒಂದು ಉಪಕರಣವಿದೆ ಎಂದು ಅರಿಯುತ್ತದೆ. ಓಮನ ನಿಯಮ ಎಲ್ಲೆಲ್ಲಿ ಕೆಲಸಕ್ಕೆ ಬರುತ್ತದೆ ನೋಡಿ!

ಹಳೆಯ ತಂತಿ ನಿಧಾನವಾದುದಲ್ಲವೆ ಎಂದು ಕೆಲವರು ಶಂಕಿಸಬಹುದು. ಲೆಕ್ಕ ಹಾಕಿ ನೋಡೋಣ. ಎ೪ ಕಾಗದದ ಅಳತೆ ೨೧೦ ಮಿಲಿಮೀಟರು ಅಗಲ, ೨೯೭ ಮಿಲಿಮೀಟರು ಉದ್ದ. ಅಂಗುಲಕ್ಕೆ ೬೦೦ ಬಿಂದುಗಳಂತೆ ಅಚ್ಚುಮಾಡಿದರೆ ಅಗಲದಲ್ಲಿ ಸುಮಾರು ೪,೯೬೦, ಉದ್ದದಲ್ಲಿ ಸುಮಾರು ೭,೦೧೬, ಒಟ್ಟು ಸುಮಾರು ೩ ಕೋಟಿ ೪೮ ಲಕ್ಷ ಬಿಂದುಗಳಾಗುತ್ತವೆ. ಒಂದು ಬಿಂದು ಕಪ್ಪೋ ಬಿಳುಪೋ ಎಂದು ಹೇಳಲು ಒಂದು ಬಿಟ್ ಸಾಕು. ೧೯೯೬ರ ಯು.ಎಸ್.ಬಿ.ಯ ಗರಿಷ್ಠ ವೇಗ ಸೆಕೆಂಡಿಗೆ ೧ ಕೋಟಿ ೨೦ ಲಕ್ಷ ಬಿಟ್. ಎಂದರೆ ಯಾವ ಅಡಚಣೆಯೂ ಇಲ್ಲದಿದ್ದಲ್ಲಿ ಇಡೀ ಪುಟದ ಚಿತ್ರ ಸುಮಾರು ಮೂರು ಸೆಕೆಂಡುಗಳಲ್ಲಿ ಹಾದುಹೋಗುತ್ತದೆ. ೨೦೦೦ದಲ್ಲಿ ಬಂದ ಎರಡನೆಯ ಯು.ಎಸ್.ಬಿ.ಯ ವೇಗ ಇದರ ನಲವತ್ತರಷ್ಟು. ಮುದ್ರಕ ಕಾಗದವನ್ನು ಎಳೆದು ಪುಡಿಯನ್ನು ಕರಗಿಸಲು ತೆಗೆದುಕೊಳ್ಳುವ ಕಾಲದ ಮುಂದೆ ಇದು ಹೆಚ್ಚೇನೂ ಅಲ್ಲ. ಹಳೆಯ ತಂತಿಯನ್ನು ದೂರುವುದಕ್ಕೆ ಕಾರಣವಿಲ್ಲ.

ತಂತಿ ಸರಿಯಾಗಿದೆಯೆಂಬುದಕ್ಕೆ ಪರದೆಯ ಮೇಲೆ ಮೂಡಿದ ಹೆಸರೇ ಸಾಕ್ಷಿ. ಯು.ಎಸ್.ಬಿ. ಉಪಕರಣವೊಂದನ್ನು ಚುಚ್ಚಿದೊಡನೆಯೇ ಎರಡು ಯಂತ್ರಗಳ ನಡುವೆ ಕುಶಲಪ್ರಶ್ನೆ ನಡೆಯುತ್ತದೆ. ನೀನಾರು ಎಂದು ಲ್ಯಾಪ್‌ಟಾಪು ಕೇಳುತ್ತದೆ. ನಾನು ಮುದ್ರಕಗಳ ವರ್ಗಕ್ಕೆ ಸೇರಿದವನು, ನನ್ನ ತಯಾರಕನ ಸಂಖ್ಯೆ ಇದು, ಮಾದರಿಯ ಸಂಖ್ಯೆ ಇದು ಎಂದು ಮುದ್ರಕ ಉತ್ತರ ಹೇಳುತ್ತದೆ. ತನಗೆ ಯಾವ ಯಾವ ಭಾಷೆಗಳು ಬರುತ್ತವೆಂದು ಹೇಳುವ ಏರ್ಪಾಟೂ ಇದೆ. ನಮ್ಮ ಮುದ್ರಕ ತನ್ನ ಪರಿಚಯವನ್ನು ಚೆನ್ನಾಗಿಯೇ ಹೇಳಿಕೊಂಡಿತು. ಪರಿಚಯದ ಆಚೆಗೆ ಮಾತು ಮುಂದುವರಿಯಲಿಲ್ಲ. ತೊಂದರೆ ಇದ್ದುದು ಮೂರನೆಯ ಮೆಟ್ಟಿಲಿನಲ್ಲಿ.

ಮುದ್ರಕಕ್ಕೆ ಪುಟವೊಂದನ್ನು ವರ್ಣಿಸಿ ಹೇಳಲು ಎರಡು ದಾರಿಗಳಿವೆ. ಒಂದನೆಯದು, "ಮೇಲಿನ ಅಂಚಿನಿಂದ ಇಷ್ಟು ಕೆಳಗೆ, ಎಡದಿಂದ ಇಷ್ಟು ಒಳಗೆ, ಈ ಗಾತ್ರದಲ್ಲಿ ಈ ಅಕ್ಷರವನ್ನು ಬರೆ, ಇಲ್ಲಿಂದ ಅಲ್ಲಿಗೆ ಒಂದು ಗೆರೆ ಎಳೆ" ಎಂದು ಅಪ್ಪಣೆಗಳನ್ನು ಕೊಡುವುದು. ಹೀಗೆ ಅಪ್ಪಣೆ ಕೊಡುವ ಪುಟವರ್ಣನೆಯ ಭಾಷೆಗಳಲ್ಲಿ ಅಡೋಬಿ ಕಂಪನಿಯ ಪೋಸ್ಟ್‌ಸ್ಕ್ರಿಪ್ಟ್, ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಪಿ.ಸಿ.ಎಲ್. ಎಂಬ ಎರಡು ಪ್ರಸಿದ್ಧವಾದುವು. ಇವುಗಳ ವ್ಯಾಕರಣವನ್ನು ಅಚ್ಚಿನಲ್ಲಿ ಪ್ರಕಟಿಸಿರುವುದರಿಂದ ಯಾರು ಬೇಕಾದರೂ ಕಲಿತು ಮುದ್ರಕದೊಡನೆ ಮಾತನಾಡಬಹುದು. ಆದರೆ ಇಂಥ ಭಾಷೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಮುದ್ರಕದೊಳಗೇ ಒಂದು ಗಣಕವಿರಬೇಕು. ೧೯೮೫ರ ಆಪಲ್ ಲೇಸರ್‌ರೈಟರ್ ಮುದ್ರಕದಲ್ಲಿ ೧೨ ಮೆಗಾಹರ್ಟ್ಸ್ ವೇಗದ ಸಂಸ್ಕಾರಕವಿತ್ತು. ಅದಕ್ಕೆ ಕೆಲಸ ಹೇಳುತ್ತಿದ್ದ ಮ್ಯಾಕಿಂಟಾಷ್ ಗಣಕದಲ್ಲಿದ್ದುದು ೮ ಮೆಗಾಹರ್ಟ್ಸ್. ಆಳಿಗೆ ಒಡೆಯನಿಗಿಂತ ಹೆಚ್ಚಿನ ಬುದ್ಧಿ! ಆ ಮುದ್ರಕದ ಬೆಲೆಯೂ ಹಾಗೆಯೇ ಸುಮಾರು ೭,೦೦೦ ಡಾಲರುಗಳಿತ್ತು.

ಬೆಲೆಯನ್ನು ಇಳಿಸಲು ಎರಡನೆಯ ದಾರಿ ಹುಟ್ಟಿತು. ಮುದ್ರಕದೊಳಗಿನ ಬುದ್ಧಿಯನ್ನು ಕಡಮೆಮಾಡಿ, ಪುಟವನ್ನು ಬಿಂದುಗಳಾಗಿ ಒಡೆಯುವ ಕೆಲಸವನ್ನೆಲ್ಲ ಗಣಕಕ್ಕೇ ಒಪ್ಪಿಸಿ, ಸಿದ್ಧವಾದ ಬಿಂದುಗಳನ್ನು ಒತ್ತಿ ಕಿರಿದುಮಾಡಿ ಮುದ್ರಕಕ್ಕೆ ಕಳುಹಿಸುವುದು. ಈ ದಾರಿ ತಪ್ಪೇನೂ ಅಲ್ಲ. ಇದರಿಂದಾಗಿಯೇ ಲೇಸರ್ ಮುದ್ರಕ ಸಾಮಾನ್ಯ ಕಾಲೇಜಿನ ಕೈಗೆ ಎಟುಕುವಂತಾಯಿತು. ಆದರೆ ಬಿಂದುಗಳನ್ನು ಕಟ್ಟಿ ಕಳುಹಿಸುವ ರೀತಿಯನ್ನು ಅನೇಕ ತಯಾರಕರು ತಂತಮ್ಮ ಗುಟ್ಟಾಗಿ ಇಟ್ಟುಕೊಂಡರು. ಆ ಗುಟ್ಟುಭಾಷೆಯನ್ನು ಬಲ್ಲ ದುಭಾಷಿ ಒಬ್ಬನೇ: ತಯಾರಕರು ಬರೆದುಕೊಟ್ಟ ಡ್ರೈವರ್ ಎಂಬ ಚಾಲಕ ತಂತ್ರಾಂಶ. ನಮ್ಮ ಮುದ್ರಕ ಈ ಜಾತಿಯದು. ಅದರ ದುಭಾಷಿಯನ್ನು ಬರೆದಿದ್ದುದು ಆ ಕಾಲದ ೩೨ ಬಿಟ್ಟಿನ ವಿಂಡೋಸಿಗೆ. ೨೦೨೧ರಲ್ಲಿ ಬಂದ ವಿಂಡೋಸ್ ೧೧ ೬೪ ಬಿಟ್ಟಿನ ರೂಪದಲ್ಲಿ ಮಾತ್ರ ಇದೆ. ೩೨ ಬಿಟ್ಟಿನ ಚಾಲಕ ಅದರೊಳಗೆ ನಡೆಯದು. ಹೊಸ ದುಭಾಷಿಯನ್ನು ಬರೆದುಕೊಡಲು ತಯಾರಕರಿಗೆ ಲಾಭವಿಲ್ಲ. ಬೇರೆಯವರು ಬರೆಯಲು ವ್ಯಾಕರಣ ತಿಳಿಯದು. ಯಂತ್ರ ಗಟ್ಟಿಮುಟ್ಟಾಗಿದೆ, ತಂತಿ ಗಟ್ಟಿಯಾಗಿದೆ. ನಡುವೆ ಮಾತು ನಿಂತಿದೆ.

ಇದು ನಮಗೆ ಮಾತ್ರ ಬಂದ ಕಷ್ಟವಲ್ಲ, ಹೊಸದೂ ಅಲ್ಲ. ೧೯೮೦ರ ಸುಮಾರಿನಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಲೇಸರ್ ಮುದ್ರಕವೊಂದು ಬಂದಿತು. ಕಾಗದ ಸಿಕ್ಕಿಕೊಂಡಾಗ ಕಾಯುತ್ತಿರುವವರಿಗೆ ಸುದ್ದಿ ತಿಳಿಸುವಂತೆ ಅದರ ತಂತ್ರಾಂಶವನ್ನು ತಿದ್ದಬೇಕೆಂದು ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಬಯಸಿದನು. ಹಳೆಯ ಮುದ್ರಕಕ್ಕೆ ಆತ ಅಂಥ ತಿದ್ದುಪಡಿಯನ್ನು ಮಾಡಿದ್ದುಂಟು. ಆದರೆ ಹೊಸದರ ತಂತ್ರಾಂಶದ ಮೂಲ ಬರಹ ಅವನಿಗೆ ದೊರೆಯಲಿಲ್ಲ. ಈ ಅನುಭವ ತನ್ನ ಮನಸ್ಸನ್ನು ತಿರುಗಿಸಿತೆಂದು ಆತನೇ ಹೇಳಿಕೊಂಡಿದ್ದಾನೆ. ೧೯೮೩ರಲ್ಲಿ ಆತ ಗ್ನೂ ಎಂಬ ಸ್ವತಂತ್ರ ತಂತ್ರಾಂಶದ ಯೋಜನೆಯನ್ನು ಸಾರಿದನು. ೧೯೯೧ರಲ್ಲಿ ಲೀನಸ್ ಟೋರ್ವಾಲ್ಡ್ಸನ ಲಿನಕ್ಸ್ ತಿರುಳು ಪ್ರಕಟವಾಯಿತು. ೧೯೯೯ರಲ್ಲಿ ಕಪ್ಸ್ ಎಂಬ ಮುದ್ರಣ ವ್ಯವಸ್ಥೆ ಹೊರಬಂದಿತು; ಇಂದು ಲಿನಕ್ಸಿನಲ್ಲಿಯೂ ಆಪಲ್ ಗಣಕಗಳಲ್ಲಿಯೂ ಮುದ್ರಣ ನಡೆಯುವುದು ಇದರಿಂದಲೇ. ಗುಟ್ಟುಭಾಷೆಯ ಹಲವು ಮುದ್ರಕಗಳ ಮಾತನ್ನು ಸ್ವಯಂಸೇವಕರು ತಾಳ್ಮೆಯಿಂದ ಕೇಳಿ, ಬಿಡಿಸಿ, ಅವುಗಳಿಗೆ ಮುಕ್ತ ಚಾಲಕಗಳನ್ನು ಬರೆದಿದ್ದಾರೆ.

ನಮಗೆ ನೆರವಾದುದೂ ಇದೇ. ನಮ್ಮ ಮಾದರಿಗೆ ಹೀಗೆ ಯಾರೋ ಬರೆದ ಮುಕ್ತ ಚಾಲಕವೊಂದಿದೆ ಎಂದು ಬಿ.ಎಸ್‌ಸಿ. ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿನಿಯರು ಪತ್ತೆಮಾಡಿದರು. ಉಗ್ರಾಣ ಸೇರಿದ್ದ ಹಳೆಯ ಗಣಕವನ್ನು ಹೊರಗೆ ತೆಗೆದು, ಧೂಳು ಕೊಡವಿ, ಅದಕ್ಕೆ ಲಿನಕ್ಸನ್ನೂ ಆ ಚಾಲಕವನ್ನೂ ಹಾಕಿ, ಮುದ್ರಕವನ್ನು ಅದಕ್ಕೆ ಜೋಡಿಸಿದೆವು. ಆ ಗಣಕ ಈಗ ಐ.ಪಿ.ಪಿ. ಎಂಬ, ಎಲ್ಲರೂ ಓದಬಹುದಾದ ನಿಯಮಾವಳಿಯ ಪ್ರಕಾರ ಕಾಲೇಜಿನ ಜಾಲದಲ್ಲಿ ಮುದ್ರಕವನ್ನು ಹಂಚಿಕೊಡುತ್ತದೆ. ಹೊಸ ಲ್ಯಾಪ್‌ಟಾಪಿಗೆ ಆ ನಿಯಮ ತಿಳಿದಿದೆ. ಅದು ಹಳೆಯ ಗಣಕದೊಡನೆ ಮಾತನಾಡುತ್ತದೆ, ಹಳೆಯ ಗಣಕ ಮುದ್ರಕದೊಡನೆ ಮಾತನಾಡುತ್ತದೆ. ಎರಡು ಶನಿವಾರಗಳ ಮಧ್ಯಾಹ್ನ ಕಳೆಯುವುದರೊಳಗೆ ಕೆಲಸ ಮುಗಿಯಿತು. ಹೊಸ ತಂತಿಯ ಬೆಲೆಯ ಹೊರತು ಬೇರೆ ಖರ್ಚಾಗಲಿಲ್ಲ. ಮೊದಲು ಅಚ್ಚಾದ ಪುಟ ಆ ವಾರದ ಕಿರುಪರೀಕ್ಷೆಯ ಪ್ರಶ್ನಪತ್ರಿಕೆ. ಅದನ್ನು ಕಂಡು ಸಂತೋಷಪಟ್ಟವರು ಅಧ್ಯಾಪಕರು ಮಾತ್ರವೆಂಬುದನ್ನು ಒಪ್ಪಿಕೊಳ್ಳಬೇಕು!

ಕನ್ನಡಿಗರಿಗೆ ಈ ಕಥೆ ಬೇರೊಂದು ರೂಪದಲ್ಲಿ ಪರಿಚಿತವಾದುದೇ. ಕೆಲವು ವರ್ಷಗಳ ಹಿಂದೆ ಬೆರಳಚ್ಚು ಮಾಡಿಟ್ಟ ಕನ್ನಡ ಕಡತವೊಂದನ್ನು ಇನ್ನೊಂದು ಗಣಕದಲ್ಲಿ ತೆರೆದಾಗ, ಅದಕ್ಕೆ ತಕ್ಕ ಅಕ್ಷರಶೈಲಿ ಅಲ್ಲಿಲ್ಲದ ಕಾರಣ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುವುದನ್ನು ಎಷ್ಟು ಜನ ಕಂಡಿಲ್ಲ? ಬರೆದುದು ಅಳಿಸಿಹೋಗಿರಲಿಲ್ಲ, ಯಾವ ಸಂಖ್ಯೆ ಯಾವ ಅಕ್ಷರವನ್ನು ಸೂಚಿಸಬೇಕೆಂಬ ಒಪ್ಪಂದ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಬಗೆಯಾಗಿತ್ತು. ೧೯೯೧ರ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತು, ಅದು ಕ್ರಮವಾಗಿ ಬಳಕೆಗೆ ಬಂದುದರಿಂದ ಇಂದು ಮೈಸೂರಿನಲ್ಲಿ ಬರೆದುದನ್ನು ಕಲಬುರ್ಗಿಯಲ್ಲಿಯೂ ಅಮೆರಿಕದಲ್ಲಿಯೂ ಓದಬಹುದಾಗಿದೆ. ಎಲ್ಲರಿಗೂ ತೆರೆದ ಒಪ್ಪಂದದ ಬೆಲೆ ಏನೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ತಯಾರಕರ ಪಕ್ಷದಲ್ಲಿಯೂ ನ್ಯಾಯವಿಲ್ಲದೆ ಇಲ್ಲ. ಚಾಲಕ ತಂತ್ರಾಂಶಕ್ಕೆ ಗಣಕದ ಒಳಮನೆಯವರೆಗೂ ಪ್ರವೇಶವಿರುತ್ತದೆ. ಅದರಲ್ಲಿ ಬಿರುಕಿದ್ದರೆ ಕಳ್ಳನಿಗೂ ಅದೇ ಬಾಗಿಲು. ೨೦೨೧ರಲ್ಲಿ ವಿಂಡೋಸಿನ ಮುದ್ರಣ ವ್ಯವಸ್ಥೆಯಲ್ಲಿ ಪತ್ತೆಯಾದ, ಪ್ರಿಂಟ್‌ನೈಟ್‌ಮೇರ್ ಎಂದು ಹೆಸರಾದ ದೋಷ ಇಂಥ ಅಪಾಯವನ್ನು ಲೋಕಕ್ಕೆ ತೋರಿಸಿಕೊಟ್ಟಿತು. ತಯಾರಕರ ಬೇರೆಬೇರೆ ಚಾಲಕಗಳನ್ನು ಕ್ರಮೇಣ ಕೈಬಿಟ್ಟು ಐ.ಪಿ.ಪಿ.ಯ ಸಾಮಾನ್ಯ ದಾರಿಗೆ ಹೊರಳುವ ಯೋಜನೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ೨೦೨೩ರಲ್ಲಿ ಪ್ರಕಟಿಸಿತು. ಮುಂದಿನ ಮುದ್ರಕಗಳಿಗೆ ಇದರಿಂದ ಒಳಿತೇ ಆಗುತ್ತದೆ. ಹಳೆಯ ಯಂತ್ರವನ್ನು ಕೊನೆಯವರೆಗೂ ಬೆನ್ನಿಗೆ ಕಟ್ಟಿಕೊಂಡಿರಬೇಕೆಂದು ಯಾವ ಕಂಪನಿಯನ್ನೂ ಬಲಾತ್ಕರಿಸಲಾಗದು. ಇನ್ನು ನಮ್ಮ ಏರ್ಪಾಟಿನಲ್ಲಿಯೂ ಕೊರತೆಯಿದೆ: ಅಚ್ಚುಮಾಡುವಾಗಲೆಲ್ಲ ಎರಡನೆಯ ಗಣಕವೂ ವಿದ್ಯುತ್ತನ್ನು ಬಳಸುತ್ತದೆ. ಆದುದರಿಂದ ಅದನ್ನು ಬೇಕಾದಾಗ ಮಾತ್ರ ಹಚ್ಚುತ್ತೇವೆ. ಉರುಳೆ ಸಿಗದ, ರೋಲರು ಸವೆದ ಮುದ್ರಕವನ್ನು ಹಿಡಿದು ಕೂರುವುದು ಜಾಣತನವಲ್ಲವೆಂಬುದೂ ನಿಜ.

ಆದರೆ ಕೊನೆಯವರೆಗೂ ಸಲಹಬೇಕೆಂದು ಕೇಳುವುದು ಬೇರೆ, ಕೈಬಿಡುವಾಗ ಕೀಲಿಕೈಯನ್ನು ಕೊಟ್ಟು ಹೋಗಬೇಕೆಂದು ಕೇಳುವುದು ಬೇರೆ. ನನ್ನ ವಾದ ಇಷ್ಟೆ: ಒಂದು ಮಾದರಿಗೆ ಇನ್ನು ಮುಂದೆ ಚಾಲಕವನ್ನು ಬರೆಯುವುದಿಲ್ಲವೆಂದು ತಯಾರಕನು ತೀರ್ಮಾನಿಸಿದ ದಿನ, ಆ ಮಾದರಿಯ ಮಾತಿನ ವ್ಯಾಕರಣವನ್ನು ಪ್ರಕಟಿಸಬೇಕು. ಮಾರುವುದನ್ನೇ ನಿಲ್ಲಿಸಿದ ಯಂತ್ರದ ಗುಟ್ಟಿನಿಂದ ಅವನಿಗೆ ಉಳಿಯುವ ಲಾಭ ಸ್ವಲ್ಪ; ಅದನ್ನು ಕೊಂಡವರಿಗೆ ಆಗುವ ನಷ್ಟ ಬಹಳ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ೨೦೨೪ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ೨೦೨೨ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ೬ ಕೋಟಿ ೨೦ ಲಕ್ಷ ಟನ್ ವಿದ್ಯುನ್ಮಾನ ಕಸ ಹುಟ್ಟಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದುದಕ್ಕೆ ದಾಖಲೆ ಇದ್ದುದು ನೂರಕ್ಕೆ ೨೨.೩ ಭಾಗಕ್ಕೆ ಮಾತ್ರ. ನಮ್ಮ ದೇಶದಲ್ಲಿ ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ವಿದ್ಯುನ್ಮಾನ ಕಸದ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುತ್ತವೆ. ಒಳ್ಳೆಯ ನಿಯಮಗಳೇ ಸರಿ. ಆದರೆ ಅವುಗಳ ದೃಷ್ಟಿ ಮುಖ್ಯವಾಗಿ ಬಿಸುಟ ಯಂತ್ರದ ಮೇಲಿದೆ. ಬದುಕಿರುವ ಯಂತ್ರವನ್ನು ಸತ್ತಿತೆಂದು ಬಿಸುಡದಂತೆ ನೋಡಿಕೊಳ್ಳುವುದು ಅದಕ್ಕೂ ಮೊದಲಿನ ಕೆಲಸ.

ಎರಡನೆಯ ಮಾತು ಕೊಳ್ಳುವವರಿಗೆ ಸಂಬಂಧಿಸಿದುದು. ಕಾಲೇಜುಗಳೂ ಕಚೇರಿಗಳೂ ಮುದ್ರಕವನ್ನು ಕೊಳ್ಳುವಾಗ ನಿಮಿಷಕ್ಕೆ ಎಷ್ಟು ಪುಟ, ಬೆಲೆ ಎಷ್ಟು ಎಂಬೆರಡನ್ನೇ ನೋಡುತ್ತವೆ. ಟೆಂಡರಿನ ಷರತ್ತುಗಳಲ್ಲಿ ಇನ್ನೊಂದು ಸಾಲನ್ನು ಸೇರಿಸಿದರೆ ಏನು ಕಷ್ಟ? ಪೋಸ್ಟ್‌ಸ್ಕ್ರಿಪ್ಟ್, ಪಿ.ಸಿ.ಎಲ್., ಪಿ.ಡಿ.ಎಫ್. ಇವುಗಳಲ್ಲಿ ಒಂದಾದರೂ ಮುದ್ರಕಕ್ಕೆ ನೇರವಾಗಿ ತಿಳಿಯಬೇಕು, ಐ.ಪಿ.ಪಿ. ನಿಯಮದಂತೆ ಜಾಲದ ಮೂಲಕ ಅದು ಕೆಲಸಮಾಡಬೇಕು ಎಂಬ ಒಂದು ಸಾಲು. ಬೆಲೆ ಸ್ವಲ್ಪ ಹೆಚ್ಚಾದರೂ ಆಗಬಹುದು. ಆದರೆ ಮುಂದೆ ಎಷ್ಟೋ ವರ್ಷಗಳ ಮೇಲೆ, ಇಂದು ಇನ್ನೂ ಹುಟ್ಟದಿರುವ ಗಣಕವೊಂದರ ಜೊತೆಗೆ ಆ ಮುದ್ರಕ ಮಾತನಾಡಬಲ್ಲದು. ಸಾರ್ವಜನಿಕರ ಹಣದಿಂದ ಕೊಳ್ಳುವ ಪದಾರ್ಥಕ್ಕೆ ಇಷ್ಟಾದರೂ ದೂರದೃಷ್ಟಿ ಬೇಡವೆ?

ಮೂರನೆಯ ಮಾತು ವಿದ್ಯಾರ್ಥಿಗಳಿಗೆ. ಉಪಕರಣವೊಂದು ನಿಂತುಹೋದಾಗ "ಕೆಟ್ಟಿದೆ" ಎನ್ನುವುದು ತೀರ್ಪು. ವಿಚಾರಣೆಯಿಲ್ಲದ ತೀರ್ಪು ವಿಜ್ಞಾನಕ್ಕೆ ಸಲ್ಲದು. ಮೊದಲು ಯಂತ್ರವನ್ನು ಒಂಟಿಯಾಗಿ ನಡೆಯಿಸಿ ನೋಡಿ. ಅನಂತರ ತಂತಿಯನ್ನು ಜೋಡಿಸಿ, ಅತ್ತಲಿಂದ ಪರಿಚಯದ ಉತ್ತರ ಬರುತ್ತದೆಯೆ ಎಂದು ನೋಡಿ. ಬಂದರೆ, ಅದಕ್ಕೆ ಯಾವ ಭಾಷೆ ಬರುತ್ತದೆಂದು ಹುಡುಕಿ. ಪ್ರಕಟವಾದ ಭಾಷೆಯಾದರೆ ಹೊಸ ಗಣಕಕ್ಕೆ ಆ ಭಾಷೆಯ ಸಾಮಾನ್ಯ ಚಾಲಕವೊಂದು ಬಹುಮಟ್ಟಿಗೆ ಸಿಕ್ಕೇ ಸಿಗುತ್ತದೆ. ಗುಟ್ಟುಭಾಷೆಯಾದರೆ ಯಾರಾದರೂ ಮುಕ್ತ ಚಾಲಕವನ್ನು ಬರೆದಿದ್ದಾರೆಯೆ ಎಂದು ವಿಚಾರಿಸಿ. ಒಂದೊಂದು ಮೆಟ್ಟಿಲಿನಲ್ಲಿಯೂ ಒಂದೇ ಸಂಗತಿಯನ್ನು ಬದಲಾಯಿಸಿ, ಉಳಿದುವನ್ನು ಹಾಗೆಯೇ ಇರಿಸಿ ಪರೀಕ್ಷಿಸುವುದು: ನಾವು ಪ್ರಯೋಗಾಲಯದಲ್ಲಿ ಲೋಲಕದ ಉದ್ದವನ್ನು ಮಾತ್ರ ಬದಲಾಯಿಸಿ ಆವರ್ತಕಾಲವನ್ನು ಅಳೆಯುವುದೂ ಇದೇ ಕ್ರಮದಿಂದ. ರೆಕಾರ್ಡ್ ಪುಸ್ತಕದಲ್ಲಿ ಬರೆದು ರುಜು ಹಾಕಿಸಿಕೊಂಡೊಡನೆ ಈ ಕ್ರಮ ಮುಗಿಯುವುದಾದರೆ ನಾವು ಕಲಿಸಿದುದು ವ್ಯರ್ಥ.

ನಮ್ಮ ದಾಸ್ತಾನು ಪುಸ್ತಕದಲ್ಲಿ ಆ ಅಂಕಣ ಇನ್ನೂ ಖಾಲಿಯಾಗಿಯೇ ಇದೆ. ಎಂದಾದರೂ ಒಂದು ದಿನ ಉರುಳೆ ಸವೆದು, ಬದಲಿ ಉರುಳೆ ಎಲ್ಲಿಯೂ ಸಿಗದೆ ಹೋದಾಗ, ಕಾರಣವನ್ನು ನಿಜವಾಗಿ ಬರೆದು ರುಜು ಹಾಕುತ್ತೇನೆ. ಅಲ್ಲಿಯವರೆಗೆ ಸೋಮವಾರದ ಪ್ರಶ್ನಪತ್ರಿಕೆಗಳು ಅದರಿಂದಲೇ ಹೊರಬರಲಿವೆ.